ಅಜ್ಜನ ಕಸುಬು ಯಾವ ಕಾಲಂನಲ್ಲಿ?

“ಅಜ್ಜ ಮುಂಬಯಿಯಲ್ಲಿ ಏನು ಮಾಡುತ್ತಿದ್ದರು?” ನವಿ ಮುಂಬಯಿಯ ಐರೋಲಿಯ ಕನ್ನಡ, ತುಳು ಮನೆಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಒಂದೇ ಪದದ ಉತ್ತರ ಸಿಗುತ್ತದೆ. ಹೋಟೆಲು, ಗಿರಣಿ, ಬಂದರು, ನೌಕರಿ. ಸರಕಾರದ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೋ ಈ ಹೊಸ ನಗರ ಕಟ್ಟಿದ ಮೇಲೆ ದಾದರ್, ಪರೇಲ್, ಘಾಟ್ಕೋಪರ್‌ಗಳ ಚಾಳುಗಳಿಂದ ಖಾಡಿ ದಾಟಿ ಇಲ್ಲಿಗೆ ಬಂದ ಕುಟುಂಬಗಳಲ್ಲಿ ಈಗ ಮೂರನೆಯ, ನಾಲ್ಕನೆಯ ತಲೆಮಾರು ಬೆಳೆಯುತ್ತಿದೆ. ಅವರಿಗೆ ಆ ಒಂದು ಪದ ಸಾಲುವುದಿಲ್ಲ. ಹೋಟೆಲು ಅಂದರೆ ಗಲ್ಲೆಯಲ್ಲಿ ಕೂತವರೋ, ಕಪ್ಪು ಬಸಿ ತೊಳೆದವರೋ? ಗಿರಣಿ ಅಂದರೆ ಕಾಯಂ ಕಾರ್ಮಿಕರೋ, ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಂತು ಕಾಯುತ್ತಿದ್ದ ಬದಲಿಯೋ? ಉತ್ತರ ಹಳೆಯ ಜನಗಣತಿಯಲ್ಲಿ ಇರಬಹುದು ಎಂಬ ಆಸೆಯಿಂದ ಅನೇಕರು ಇಂಟರ್ನೆಟ್ಟಿನಲ್ಲಿ ಹುಡುಕಾಟ ಶುರುಮಾಡುತ್ತಾರೆ.

ಅಲ್ಲಿ ಉತ್ತರ ಇದೆ. ಆದರೆ ಅದು ಅಜ್ಜನ ಹೆಸರಿನ ಕೆಳಗೆ ಇಲ್ಲ. ಅದನ್ನು ಓದಬೇಕಾದರೆ ಗಣತಿಯ ಕಾಗದ ಏನನ್ನು ಕೇಳಿತು, ಏನನ್ನು ಬರೆದುಕೊಂಡಿತು, ಕೊನೆಗೆ ಏನನ್ನು ಉಳಿಸಿತು ಎಂಬುದು ಮೊದಲು ತಿಳಿದಿರಬೇಕು.

ಹೆಸರಿನ ಹಾಳೆ ಉಳಿದಿಲ್ಲ

ಬ್ರಿಟನ್ನಿನಲ್ಲಿ ಜನಗಣತಿಯ ಮನೆಮನೆಯ ಹಾಳೆಗಳನ್ನು 100 ವರ್ಷಗಳ ನಂತರ ಜನರಿಗೆ ತೆರೆಯುತ್ತಾರೆ. 1921ರ ಹಾಳೆಗಳು 2022ರ ಜನವರಿಯಲ್ಲಿ ಹೊರಬಂದವು. ಅಮೆರಿಕದಲ್ಲಿ ಈ ಅವಧಿ 72 ವರ್ಷ. 1950ರ ಹಾಳೆಗಳು 2022ರ ಏಪ್ರಿಲ್‌ನಲ್ಲಿ ಬಂದವು. ಅಲ್ಲಿನವರು ಮುತ್ತಜ್ಜನ ಹೆಸರು ಟೈಪ್ ಮಾಡಿ, ಅವರ ಎದುರು ಬರೆದ ಕಸುಬನ್ನು ಓದಬಲ್ಲರು.

ಭಾರತದಲ್ಲಿ ಇದು ಸಾಧ್ಯವಿಲ್ಲ. ಇಡೀ ದೇಶದಲ್ಲಿ ಏಕಕಾಲಕ್ಕೆ ನಡೆದ ಮೊದಲ ಗಣತಿ 1881ರ ಫೆಬ್ರವರಿ 17ರದ್ದು. ಅಲ್ಲಿಂದ ಹತ್ತು ವರ್ಷಕ್ಕೊಮ್ಮೆ ಮನೆಮನೆಯಲ್ಲೂ ಹೆಸರು, ವಯಸ್ಸು, ಜಾತಿ, ಭಾಷೆ, ಕಸುಬು ಬರೆದುಕೊಂಡರು. 1901ರಿಂದ ಪ್ರತಿ ವ್ಯಕ್ತಿಯ ವಿವರವನ್ನೂ ಒಂದೊಂದು ಚೀಟಿಗೆ ಇಳಿಸಿ, ಚೀಟಿಗಳನ್ನು ವಿಂಗಡಿಸಿ ಎಣಿಸುವ ಕ್ರಮ ಬಂತು. ಎಣಿಕೆ ಮುಗಿದ ಮೇಲೆ ಹಾಳೆಗೂ ಚೀಟಿಗೂ ಕೆಲಸವಿಲ್ಲವೆಂದು ಅವನ್ನು ವಿಲೇವಾರಿ ಮಾಡಿದರು. ಉಳಿದದ್ದು ಅಚ್ಚಾದ ವರದಿ ಮತ್ತು ಕೋಷ್ಟಕಗಳು. ಸ್ವಾತಂತ್ರ್ಯದ ನಂತರ ಬಂದ 1948ರ ಜನಗಣತಿ ಕಾಯ್ದೆಯ 15ನೇ ಕಲಮು, ವ್ಯಕ್ತಿಯ ವಿವರಗಳನ್ನು ಯಾರೂ ಪರಿಶೀಲಿಸುವಂತಿಲ್ಲ, ಅವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಜನ ಭಯವಿಲ್ಲದೆ ನಿಜ ಹೇಳಲಿ ಎಂಬುದೇ ಅದರ ಉದ್ದೇಶ.

ಹಾಗಾದರೆ ಸಂಖ್ಯೆಗಳ ಆ ದಪ್ಪ ಸಂಪುಟಗಳಿಂದ ನಮಗೇನು ಉಪಯೋಗ? ಅಜ್ಜನ ಹೆಸರು ಮನೆಯ ಕಾಗದಗಳಲ್ಲಿ, ಶಾಲೆಯ ದಾಖಲೆಯಲ್ಲಿ, ಪಹಣಿಯಲ್ಲಿ ಸಿಗುತ್ತದೆ. ಅಲ್ಲಿ ಬರೆದ ಒಂದು ಪದಕ್ಕೆ ಆ ಕಾಲದಲ್ಲಿ ಏನೇನು ಅರ್ಥವಿತ್ತು ಎಂಬುದನ್ನು ಗಣತಿಯ ಸಂಪುಟ ತೋರಿಸುತ್ತದೆ. ಎರಡನ್ನೂ ಸೇರಿಸಿ ಓದಿದಾಗಲೇ ಕಸುಬು ಕಾಣುವುದು.

ಮೊದಲು ಸರಿಯಾದ ಸಂಪುಟ

ಐರೋಲಿಯ ಒಂದೇ ಕಟ್ಟಡದಲ್ಲಿ ಧಾರವಾಡ, ಕುಂದಾಪುರ, ಬೀದರ್, ಹಾಸನ ಮೂಲದ ನಾಲ್ಕು ಮನೆಗಳಿದ್ದರೆ, ಅವರ ಅಜ್ಜಂದಿರು 1911ರಲ್ಲಿ ನಾಲ್ಕು ಬೇರೆ ಬೇರೆ ಸರಕಾರಗಳ ಲೆಕ್ಕದಲ್ಲಿದ್ದರು. ಧಾರವಾಡ, ಬಿಜಾಪುರ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತದ ಸಂಪುಟದಲ್ಲಿವೆ. 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡವೂ ಅಲ್ಲೇ ಇದೆ. ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡ ಮದ್ರಾಸ್ ಸಂಪುಟದಲ್ಲಿದೆ. ಬೀದರ್, ಗುಲ್ಬರ್ಗ, ರಾಯಚೂರು ನಿಜಾಮರ ಹೈದರಾಬಾದಿನದರಲ್ಲಿ. ಹಳೆಯ ಮೈಸೂರಿಗೆ ಅದರದೇ ಸಂಪುಟ, ಕೊಡಗಿಗೆ ಪ್ರತ್ಯೇಕ.

ಈ ಸಂಪುಟಗಳ ಹಿಂದೆ ನಮಗೆ ಗೊತ್ತಿರುವ ಹೆಸರುಗಳೂ ಇವೆ. 1901ರ ಮುಂಬಯಿ ಗಣತಿಯ ಹೊಣೆ ಹೊತ್ತಿದ್ದ ಆರ್.ಇ. ಎಂಥೋವನ್ ಮುಂದೆ ಈ ಪ್ರಾಂತದ ಜಾತಿ, ಬುಡಕಟ್ಟುಗಳ ಬಗ್ಗೆ ಮೂರು ಸಂಪುಟಗಳನ್ನು ಬರೆದರು. 1931ರ ಮೈಸೂರು ಗಣತಿಯ ಸೂಪರಿಂಟೆಂಡೆಂಟ್ ಆಗಿದ್ದವರು ಎಂ. ವೆಂಕಟೇಶ ಅಯ್ಯಂಗಾರ್, ಅಂದರೆ ಕನ್ನಡಿಗರ ಪ್ರೀತಿಯ ಮಾಸ್ತಿ. ಮೈಸೂರು ಸೀಮೆಯ ಸಾಮಾನ್ಯರ ಬದುಕನ್ನು ಕತೆಗಳಲ್ಲಿ ಕಂಡವರೇ ಆ ವರ್ಷ ಅದನ್ನು ಕೋಷ್ಟಕಗಳಲ್ಲೂ ಕೂಡಿಸಿದರು.

ಜನಗಣತಿ ಇಲಾಖೆಯ ಜಾಲತಾಣದಲ್ಲಿ ಹಳೆಯ ವರದಿಗಳು ಉಚಿತವಾಗಿ ಸಿಗುತ್ತವೆ. 1911ರ ಸಂಪುಟವಾದರೆ ಕಸುಬಿನ ಸಾಮಾನ್ಯ ಲೆಕ್ಕ 15ನೇ ಕೋಷ್ಟಕದಲ್ಲಿ, ಆಯ್ದ ಜಾತಿಗಳ ಕಸುಬು 16ನೇ ಕೋಷ್ಟಕದಲ್ಲಿ ಇದೆ. 1951ರಿಂದ ಜಿಲ್ಲಾ ಗಣತಿ ಕೈಪಿಡಿಗಳು ಬಂದವು. ಅವುಗಳಲ್ಲಿ ಲೆಕ್ಕ ಹಳ್ಳಿಯವರೆಗೂ ಇಳಿಯುತ್ತದೆ. ಠಾಣೆ ಜಿಲ್ಲೆಯ ಕೈಪಿಡಿಯಲ್ಲಿ, ಹೊಸ ನಗರದ ಕಲ್ಪನೆಯೇ ಇಲ್ಲದಿದ್ದ ಕಾಲದ ಇಲ್ಲಿನ ಹಳ್ಳಿಗಳಲ್ಲಿ ಎಷ್ಟು ಜನ ಯಾವ ಜೀವನೋಪಾಯದಲ್ಲಿದ್ದರು ಎಂದು ನೋಡಬಹುದು. ನಿಮ್ಮ ಅಜ್ಜನ ಊರಿಗೂ ಅಂಥದೇ ಒಂದು ಸಾಲು ಇರುತ್ತದೆ.

ಕಾಲಂ ಕೇಳಿದ ಪ್ರಶ್ನೆ

ಗಣತಿದಾರರಿಗೆ ಕೊಟ್ಟ ಸೂಚನೆಗಳು ವರದಿಗಳಲ್ಲೇ ಅಚ್ಚಾಗಿವೆ. 1911ರ ಸೂಚನೆಯ ಸಾರ ಇದು: ‘ಚಾಕರಿ’, ‘ಬರವಣಿಗೆ’, ‘ಕೂಲಿ’ ಎಂಬಂಥ ಮೊಗಮ್ಮಾದ ಮಾತು ಬರೆಯಬೇಡಿ, ಕೂಲಿಯಾದರೆ ಹೊಲದಲ್ಲೋ, ಗಣಿಯಲ್ಲೋ, ಹತ್ತಿಯ ಗಿರಣಿಯಲ್ಲೋ, ಮಣ್ಣಿನ ಕೆಲಸದಲ್ಲೋ ಎಂದು ವಿವರಿಸಿ, ಬೇಸಾಯವಾದರೆ ಗೇಣಿ ಕೊಡುವವರನ್ನೂ ಪಡೆಯುವವರನ್ನೂ ಬೇರೆ ತೋರಿಸಿ. ದುಡಿಯುವವರ ಮುಖ್ಯ ಕಸುಬಿಗೆ ಒಂದು ಕಾಲಂ, ಉಪಕಸುಬಿಗೆ ಇನ್ನೊಂದು. ದುಡಿಯದವರಿಗೆ, ಅವರನ್ನು ಸಾಕುತ್ತಿರುವವರ ಕಸುಬನ್ನು ಬರೆಯುವ ಮೂರನೆಯದು.

ಬರೆದದ್ದನ್ನು ಕಚೇರಿಯಲ್ಲಿ ಗುಂಪು ಮಾಡುವಾಗ ಎರಡನೆಯ ಜರಡಿ. 1901ರಲ್ಲಿ ದೇಶದ ಕಸುಬುಗಳನ್ನು 520 ಗುಂಪುಗಳಾಗಿ ವಿಂಗಡಿಸಿದ್ದರು. 1911ರಲ್ಲಿ ಫ್ರೆಂಚ್ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ಟಿಲಾನ್ ರೂಪಿಸಿದ ಅಂತರರಾಷ್ಟ್ರೀಯ ಪದ್ಧತಿಯನ್ನು ತಂದು, 169 ಗುಂಪುಗಳಿಗೆ ಇಳಿಸಿದರು. 1931ರಲ್ಲಿ ಅದು 195. ದೇಶದೇಶಗಳ ನಡುವೆ ಹೋಲಿಕೆ ಸುಲಭವಾಯಿತು. ಆದರೆ ನಮ್ಮ ಅಜ್ಜಂದಿರ ನಡುವಿನ ವ್ಯತ್ಯಾಸಗಳು ಆ ಸಂಕ್ಷೇಪದಲ್ಲಿ ಕರಗಿದವು.

ಮುಂಬಯಿ ಕನ್ನಡಿಗರ ಪಾಲಿಗೆ ಇದರ ಅತಿ ಹತ್ತಿರದ ಉದಾಹರಣೆ ಹೋಟೆಲು. 1911ರ ಪಟ್ಟಿಯಲ್ಲಿ ಹೋಟೆಲು, ಊಟದ ಅಂಗಡಿ, ಛತ್ರಗಳ ಮಾಲಕರು, ಮ್ಯಾನೇಜರರು ಮತ್ತು ಅವರ ನೌಕರರು ಎಲ್ಲರೂ ಒಂದೇ ಗುಂಪು. ಮಾಲಕರೂ, ಒಲೆಯ ಮುಂದಿನ ಭಟ್ಟರೂ, ಹತ್ತು ವರ್ಷದ ಮಾಣಿಯೂ ಒಂದೇ ಸಾಲಿನ ಸಂಖ್ಯೆಯಲ್ಲಿ ಸೇರಿದರು. ಅದೇ ಅಡುಗೆಯವರು ಶ್ರೀಮಂತರೊಬ್ಬರ ಮನೆಯಲ್ಲಿ ಬೇಯಿಸುತ್ತಿದ್ದರೆ ಮನೆಚಾಕರಿಯ ಗುಂಪಿಗೆ ಹೋಗುತ್ತಿದ್ದರು. ಹಾಗಾಗಿ ಹಳೆಯ ಕಾಗದದಲ್ಲಿ ‘ಅಡುಗೆ ಕೆಲಸ’ ಎಂದು ಕಂಡರೆ, ಎಲ್ಲಿ, ಯಾರಿಗಾಗಿ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಮುಂದೆ ಹೋಗಬಾರದು.

ಹತ್ತಿಯದೂ ಹೀಗೆಯೇ. 1911ರಲ್ಲಿ ನೂಲುವುದು, ಗಂಜಿ ಹಾಕುವುದು, ನೇಯುವುದು ಸೇರಿ ಒಂದೇ ಗುಂಪಾಯಿತು. ಇಳಕಲ್ಲಿನ ಮನೆಯ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದವರೂ ಪರೇಲಿನ ಗಿರಣಿಯಲ್ಲಿ ಪಾಳಿ ಮಾಡುತ್ತಿದ್ದವರೂ ಆ ಗುಂಪಿನಲ್ಲಿ ಒಂದೇ. ಇಬ್ಬರನ್ನೂ ಬೇರ್ಪಡಿಸಲು ಅದೇ ವರ್ಷ 20ಕ್ಕಿಂತ ಕಡಿಮೆಯಿಲ್ಲದ ಕೆಲಸಗಾರರಿರುವ ಕಾರ್ಖಾನೆಗಳಿಗೆಂದು ನಡೆಸಿದ ಪ್ರತ್ಯೇಕ ಕೈಗಾರಿಕಾ ಗಣತಿಯನ್ನು ನೋಡಬೇಕು. ಒಂದು ಕೋಷ್ಟಕ ಮುಚ್ಚಿಟ್ಟದ್ದನ್ನು ಇನ್ನೊಂದು ತೋರಿಸುತ್ತದೆ.

ಬೇಸಾಯದ ಕಾಲಂ ದಕ್ಷಿಣ ಕನ್ನಡದವರನ್ನು ಇನ್ನಷ್ಟು ಗೊಂದಲಕ್ಕೆ ಹಾಕುತ್ತದೆ. ಅಲ್ಲಿ ಸರಕಾರಕ್ಕೆ ತೀರ್ವೆ ಕಟ್ಟುವ ವರ್ಗದಾರರು, ಅವರ ಕೆಳಗೆ ಶಾಶ್ವತ ಹಕ್ಕಿನ ಮೂಲಗೇಣಿದಾರರು, ಅವರ ಕೆಳಗೆ ಯಾವಾಗ ಬೇಕಾದರೂ ಎಬ್ಬಿಸಬಹುದಾದ ಚಾಲಗೇಣಿಯವರು. ನಡುವಿನ ಮೂಲಗೇಣಿದಾರರು ಮೇಲಕ್ಕೆ ಗೇಣಿ ಕೊಡುತ್ತಿದ್ದರು, ಕೆಳಗಿನಿಂದ ಗೇಣಿ ಪಡೆಯುತ್ತಿದ್ದರು. ಅವರನ್ನು ಕೊಡುವವರೆಂದು ಬರೆಯಬೇಕೋ ಪಡೆಯುವವರೆಂದು ಬರೆಯಬೇಕೋ? ಗಣತಿದಾರ ಆ ಕ್ಷಣಕ್ಕೆ ಒಂದನ್ನು ಆರಿಸಿದ. ಕುಟುಂಬದ ಕಾಗದದಲ್ಲಿ ಬರೀ ‘ಬೇಸಾಯ’ ಎಂದಿದ್ದರೆ, ಜಮೀನಿನ ಯಾವ ಮೆಟ್ಟಿಲಿನಲ್ಲಿ ನಿಂತ ಬೇಸಾಯ ಎಂದು ಗೇಣಿಚೀಟಿಯಿಂದಲೇ ತಿಳಿಯಬೇಕು.

ಎಣಿಸಿದ ತಿಂಗಳು

1881ರಿಂದ 1931ರವರೆಗೆ ಗಣತಿ ನಡೆದದ್ದು ಒಂದೇ ರಾತ್ರಿಯ ಲೆಕ್ಕದಲ್ಲಿ. ಮುಂಚಿನ ವಾರಗಳಲ್ಲಿ ಹಾಳೆ ತುಂಬಿಸಿಟ್ಟು, ಗೊತ್ತಾದ ರಾತ್ರಿ ಮನೆಮನೆಗೆ ಹೋಗಿ ತಾಳೆ ನೋಡುತ್ತಿದ್ದರು. ಆ ರಾತ್ರಿ ಎಲ್ಲಿದ್ದರೋ ಅಲ್ಲೇ ಎಣಿಕೆ. 1901ರಲ್ಲಿ ಮಾರ್ಚ್ 1, 1911ರಲ್ಲಿ ಮಾರ್ಚ್ 10, 1921ರಲ್ಲಿ ಮಾರ್ಚ್ 18, 1931ರಲ್ಲಿ ಫೆಬ್ರವರಿ 26. ಎಲ್ಲವೂ ಮಳೆಯಿಲ್ಲದ, ಗದ್ದೆ ಖಾಲಿಯಿರುವ ಕಾಲ.

ಠಾಣೆ ಖಾಡಿಯ ದಂಡೆಯ ಆಗರಿ ಜನರನ್ನು ನೆನೆಯಿರಿ. ಮಳೆಗಾಲದಲ್ಲಿ ಅವರದು ಭತ್ತದ ಬೇಸಾಯ. ಬಿಸಿಲು ಬಲಿತಾಗ ಮಿಠಾಗರದಲ್ಲಿ ಉಪ್ಪಿನ ಕೆಲಸ. ಗಣತಿದಾರ ಬಂದದ್ದು ಉಪ್ಪು ಕಟ್ಟುವ ಕಾಲದಲ್ಲಿ. ಮುಖ್ಯ ಕಸುಬು ಯಾವುದೆಂದು ಅವನು ಕೇಳಿದಾಗ, ಎರಡರಲ್ಲಿ ಒಂದು ಉಪಕಸುಬಿನ ಕಾಲಂಗೆ ಸರಿಯಬೇಕಿತ್ತು ಅಥವಾ ಬಿಟ್ಟೇ ಹೋಗಬೇಕಿತ್ತು. ಅದೇ ಮುಂಬಯಿ ಸಂಪುಟದ ಇನ್ನೊಂದು ತುದಿಯಲ್ಲಿ, ಉತ್ತರ ಕನ್ನಡದ ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ತೆಗೆಯುತ್ತಿದ್ದ ಆಗೇರರ ಕತೆಯೂ ಇದೇ. ಐರೋಲಿಯ ಮೂಲ ನಿವಾಸಿಗಳೂ ನಮ್ಮ ಕರಾವಳಿಯವರೂ ನೂರು ವರ್ಷಗಳ ಹಿಂದೆಯೇ ಒಂದೇ ಪುಸ್ತಕದೊಳಗೆ ನೆರೆಯವರಾಗಿದ್ದರು.

ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಕಾಫಿ ತೋಟಗಳಿಗೆ ಹೋಗುತ್ತಿದ್ದ ಕೂಲಿಯವರಿಗೂ ಇದು ಅನ್ವಯಿಸುತ್ತದೆ. ಆ ರಾತ್ರಿ ತೋಟದ ಲೈನಿನಲ್ಲಿ ಮಲಗಿದ್ದವರು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ ತೋಟದ ಕೂಲಿಯಾಗಿ ಎಣಿಕೆಯಾದರು. ಊರಿನ ಸಾಲಿನಲ್ಲಿ ಅವರ ಬೇಸಾಯವೂ ಇಲ್ಲ, ಅವರೂ ಇಲ್ಲ. ಮುಂಬಯಿಗೆ ದುಡಿಯಲು ಬಂದವರೂ ಹಾಗೆಯೇ. ಅದಕ್ಕೇ ಕಸುಬಿನ ಕೋಷ್ಟಕದ ಜೊತೆಗೆ ಹುಟ್ಟಿದ ಜಿಲ್ಲೆ ಮತ್ತು ಭಾಷೆಯ ಕೋಷ್ಟಕಗಳನ್ನೂ ತೆರೆದಿಟ್ಟುಕೊಳ್ಳಬೇಕು.

ಜಾತಿ ಒಂದು, ಕೈಗೆಲಸ ಇನ್ನೊಂದು

ಹಳೆಯ ದಾಖಲೆಗಳಲ್ಲಿ ಅತಿ ಹೆಚ್ಚು ಎಡವುವ ಜಾಗ ಇದು. ‘ಕುಂಬಾರ’, ‘ಗಾಣಿಗ’, ‘ಬಡಗಿ’ ಎಂಬುದು ಜಾತಿಯ ಕಾಲಂನಲ್ಲಿದೆಯೋ ಕಸುಬಿನದರಲ್ಲಿದೆಯೋ ನೋಡದೆ ಓದಿದರೆ, ಗಡಿಗೆಯನ್ನೇ ಮುಟ್ಟದವರನ್ನು ಕುಂಬಾರಿಕೆಗೆ ಕೂರಿಸಿಬಿಡುತ್ತೇವೆ. ದಕ್ಷಿಣ ಕನ್ನಡದ ಬಿಲ್ಲವರನ್ನು ಬ್ರಿಟಿಷ್ ಬರಹಗಳು ಕಳ್ಳು ಇಳಿಸುವವರು ಎಂದೇ ಪರಿಚಯಿಸಿದವು. ಆದರೆ ಅವರಲ್ಲಿ ಬಹಳಷ್ಟು ಮಂದಿ ಗೇಣಿಗೆ ಗದ್ದೆ ಮಾಡುತ್ತಿದ್ದರು. ಜಾತಿವಾರು ಕಸುಬಿನ 16ನೇ ಕೋಷ್ಟಕದ ನಿಜವಾದ ಬೆಲೆ ಇಲ್ಲಿದೆ. ಒಂದು ಜಾತಿಯಲ್ಲಿ ಎಷ್ಟು ಜನ ಪರಂಪರೆಯ ಕಸುಬಿನಲ್ಲಿದ್ದರು, ಎಷ್ಟು ಜನ ಬೇರೆ ದಾರಿ ಹಿಡಿದಿದ್ದರು ಎಂಬುದನ್ನು ಅದು ಪ್ರತ್ಯೇಕವಾಗಿ ತೋರಿಸುತ್ತದೆ.

ಇಂಥ ಒಂದು ಪದದ ಭಾರ ಎಷ್ಟೆಂದು ನವಿ ಮುಂಬಯಿಯವರು ಕಣ್ಣಾರೆ ಕಂಡಿದ್ದಾರೆ. ಮೀಸಲಾತಿಗಾಗಿ ಮರಾಠಾ ಸಮಾಜಕ್ಕೆ ಕುಣಬಿ ಜಾತಿಯ ಪ್ರಮಾಣಪತ್ರ ಕೊಡುವ ಪ್ರಶ್ನೆಯಲ್ಲಿ ಮಹಾರಾಷ್ಟ್ರ ಸರಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂಧೆ ಅವರ ಸಮಿತಿಯನ್ನು ನೇಮಿಸಿತು. ಕಂದಾಯ, ಶಾಲೆ, ಜನನ ಮರಣದ ಹಳೆಯ ಪುಸ್ತಕಗಳನ್ನು, ಮೋಡಿ ಮತ್ತು ಉರ್ದು ಲಿಪಿಯವನ್ನೂ ಸೇರಿಸಿ, ಪುಟಪುಟವಾಗಿ ಹುಡುಕಲಾಯಿತು. 2024ರ ಜನವರಿ 27ರಂದು ಐರೋಲಿಗೆ ಕೆಲವೇ ನಿಲ್ದಾಣಗಳ ದೂರದ ವಾಶಿಯಲ್ಲಿ, ಸರಕಾರದ ಕರಡು ಅಧಿಸೂಚನೆ ಮೀಸಲಾತಿ ಚಳವಳಿಯ ನಾಯಕ ಮನೋಜ್ ಜರಾಂಗೆ ಅವರ ಕೈಸೇರಿ ಆ ಹಂತದ ಚಳವಳಿ ನಿಂತಿತು. ಮುತ್ತಜ್ಜನ ಹೆಸರಿನ ಮುಂದೆ ಒಬ್ಬ ಗುಮಾಸ್ತ ಬರೆದ ನಾಲ್ಕು ಅಕ್ಷರ, ಮರಿಮಗನ ಕಾಲೇಜು ಸೀಟಿನವರೆಗೂ ಬಂದು ಮುಟ್ಟುತ್ತದೆ. ಹಳೆಯ ದಾಖಲೆ ಓದುವುದು ಬರೀ ಕುತೂಹಲದ ಮಾತಲ್ಲ.

ಅಜ್ಜಿಯ ದುಡಿಮೆ ಎಲ್ಲಿ ಹೋಯಿತು?

ಮನೆಯ ಆದಾಯ ಹೆಚ್ಚಿಸುವ ಕೆಲಸ ಮಾಡುವ ಹೆಂಗಸರನ್ನೂ ಮಕ್ಕಳನ್ನೂ ದುಡಿಯುವವರ ಕಾಲಂನಲ್ಲೇ ಬರೆಯಬೇಕೆಂದು 1911ರ ಸೂಚನೆ ಸ್ಪಷ್ಟವಾಗಿತ್ತು. ಆದರೆ ಉತ್ತರ ಹೇಳುತ್ತಿದ್ದವರು ಹೆಚ್ಚಾಗಿ ಮನೆಯ ಗಂಡಸರು, ಬರೆಯುತ್ತಿದ್ದವರೂ ಗಂಡಸರು. ನೇಜಿ ನೆಟ್ಟವರು, ಮೀನಿನ ಬುಟ್ಟಿ ಹೊತ್ತು ಮಾರಿದವರು, ಮಗ್ಗಕ್ಕೆ ಕಂಡಿಕೆ ಸುತ್ತಿದವರು, ಹೋಟೆಲಿಗೆ ಹಿಟ್ಟು ರುಬ್ಬಿಕೊಟ್ಟವರು ‘ಆಶ್ರಿತರು’ ಎಂಬ ಕಾಲಂಗೆ ಸೇರಿದ್ದು ಸಾಮಾನ್ಯ. 1931ರಲ್ಲಿ ‘ದುಡಿಯುವ ಆಶ್ರಿತರು’ ಎಂಬ ನಡುವಿನ ವರ್ಗವನ್ನೇ ಮಾಡಿದರು.

ಪ್ರಶ್ನೆ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ 1961 ಮತ್ತು 1971ರ ಗಣತಿಗಳನ್ನು ನೋಡಿ. 1961ರಲ್ಲಿ, ಹಂಗಾಮಿನ ಹೆಚ್ಚಿನ ಅವಧಿಯಲ್ಲಿ ದಿನಕ್ಕೆ ಒಂದು ಗಂಟೆಯಾದರೂ ನಿಯಮಿತವಾಗಿ ದುಡಿದವರು ಕೆಲಸಗಾರರು. 1971ರಲ್ಲಿ ಮೊದಲು ಕೇಳಿದ್ದು ‘ಮುಖ್ಯವಾಗಿ ಏನು ಮಾಡುತ್ತೀರಿ’ ಎಂದು. ದೇಶದ ಮಹಿಳಾ ಕೆಲಸಗಾರರ ಸಂಖ್ಯೆ ಸುಮಾರು 5.9 ಕೋಟಿಯಿಂದ ಸುಮಾರು 3.1 ಕೋಟಿಗೆ ಇಳಿಯಿತು. ಹತ್ತು ವರ್ಷದಲ್ಲಿ ಅಷ್ಟು ಕೋಟಿ ಹೆಂಗಸರು ಕೆಲಸ ಬಿಟ್ಟು ಕೂತಿರಲಿಲ್ಲ. ಅವರು ಮಾಡುತ್ತಿದ್ದುದನ್ನು ಕೆಲಸ ಎನ್ನುವ ವ್ಯಾಖ್ಯೆ ಕಿರಿದಾಗಿತ್ತು. ಆದ್ದರಿಂದ ಹಳೆಯ ಕಾಗದದಲ್ಲಿ ಅಜ್ಜಿಯ ಎದುರಿನ ಜಾಗ ಖಾಲಿಯಿದ್ದರೆ ಅದನ್ನು ಅವರ ಬದುಕಿನ ಖಾಲಿ ಎಂದು ಓದಬಾರದು.

ಹೆಸರು ಸಿಗುವ ಕಾಗದಗಳು

ಹೆಸರಿನೊಂದಿಗೆ ಕಸುಬು ಹುಡುಕುವವರು ಊರಿನ ಶಾಲೆಯಿಂದ ಶುರುಮಾಡುವುದು ಒಳ್ಳೆಯದು. ಹಳೆಯ ದಾಖಲಾತಿ ರಿಜಿಸ್ಟರುಗಳಲ್ಲಿ ಅನೇಕ ಕಡೆ ತಂದೆ ಅಥವಾ ಪೋಷಕರ ಉದ್ಯೋಗ ಬರೆದಿರುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ವರ್ಷ ಶಾಲೆ ಸೇರಿದ್ದರೆ ಎಲ್ಲ ನಮೂದುಗಳನ್ನೂ ನೋಡಬೇಕು. ಮೊದಲನೆಯವನ ಹೊತ್ತಿಗೆ ‘ಕೂಲಿ’ ಎಂದಿದ್ದ ತಂದೆ ಕೊನೆಯವನ ಹೊತ್ತಿಗೆ ‘ವ್ಯಾಪಾರ’ ಆಗಿದ್ದರೆ, ಆ ಎರಡು ಪದಗಳ ನಡುವೆಯೇ ಒಂದು ಜೀವನ ಇದೆ.

ಜಮೀನಿನ ಕಾಗದಗಳು ಎರಡನೆಯ ದಾರಿ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಭೂ ನ್ಯಾಯಮಂಡಳಿಗೆ ಫಾರಂ 7ರಲ್ಲಿ ಅರ್ಜಿ ಕೊಟ್ಟರು. ಕರಾವಳಿಯವರು ಇಂದಿಗೂ ‘ಡಿಕ್ಲರೇಶನ್ ಹಾಕಿದ್ದು’ ಎನ್ನುವುದು ಇದನ್ನೇ. ಯಾವ ಸರ್ವೆ ನಂಬರಿನಲ್ಲಿ, ಯಾರ ಒಕ್ಕಲಾಗಿ ದುಡಿದೆವು ಎಂಬುದನ್ನು ದುಡಿದವರ ಬಾಯಿಂದಲೇ ದಾಖಲಿಸಿದ ಅಪರೂಪದ ಕಡತಗಳಿವು. ಹಳೆಯ ಮದ್ರಾಸ್, ಹೈದರಾಬಾದ್ ಸೀಮೆಯ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷ ಕಂಡರೆ 590 ಕೂಡಿಸಬೇಕು. ಫಸಲಿ 1320 ಎಂದರೆ 1910-11.

ಊರಿನ ಹುದ್ದೆಗಳ ಹೆಸರುಗಳನ್ನು ಇಂದಿನ ಅರ್ಥಕ್ಕೆ ಎಳೆಯಬಾರದು. ಮೈಸೂರು ಸೀಮೆಯ ನೀರಗಂಟಿ ಕೆರೆಯ ತೂಬು ನೋಡಿಕೊಂಡು ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ದಕ್ಷಿಣ ಕನ್ನಡದ ಉಗ್ರಾಣಿ ಪಟೇಲರ ಕೈಕೆಳಗಿನ ಊರ ಜವಾನ. ಬೆಳಗಾವಿ, ಧಾರವಾಡದ ಶೇತಸನದಿ ಭೂಮಿಯ ಬದಲಿಗೆ ಊರ ಕಾವಲು, ಸರಕಾರಿ ಚಾಕರಿ ಮಾಡುತ್ತಿದ್ದವರು. ಮುಂಬಯಿಯ ಕಡೆಯ ಮರಾಠಿ ಕಾಗದಗಳಲ್ಲಿ ‘ಶೇತಿ’ ಎಂದರೆ ಬೇಸಾಯ, ‘ಮೋಲಮಜುರಿ’ ಎಂದರೆ ದಿನಗೂಲಿ.

ಮುಂಬಯಿಗೆ ಬಂದ ಮೇಲಿನ ದಾರಿಗೆ ಗಿರಣಿಯ ಟಿಕೇಟು, ಪ್ರಾವಿಡೆಂಟ್ ಫಂಡಿನ ಚೀಟಿ, ಚಾಳಿನ ಬಾಡಿಗೆ ರಸೀದಿ, ರಾತ್ರಿಶಾಲೆಯ ದಾಖಲೆ ಇವೆಲ್ಲ ಸಾಕ್ಷಿ. ನಮ್ಮ ಸಂಘಗಳ ಹಳೆಯ ಸದಸ್ಯರ ಪುಸ್ತಕಗಳನ್ನೂ ಮರೆಯಬಾರದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮೈಸೂರು ಅಸೋಸಿಯೇಷನ್ 1926ರದ್ದು. ಒಂದು ಶತಮಾನದ ಮುಂಬಯಿ ಕನ್ನಡಿಗರ ಬದುಕು ಇಂಥ ಸಂಸ್ಥೆಗಳ ಸುತ್ತ ಬೆಳೆದಿದೆ. ಕಪಾಟಿನಲ್ಲಿರುವ ಇಂಥ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಸ್ಕ್ಯಾನ್ ಮಾಡಿಸುವುದು ಪ್ರತಿ ಸಂಘವೂ ಇವತ್ತೇ ಕೈಗೊಳ್ಳಬೇಕಾದ ಕೆಲಸ.

ಒಂದು ಕಾಗದದ ಒಂದು ಪದವನ್ನು ನಂಬಿ ನಿರ್ಧಾರಕ್ಕೆ ಬರಬಾರದು. ಹೆಸರಿರುವ ಕಾಗದ, ಆ ವರ್ಷದ ಗಣತಿಯ ಕೋಷ್ಟಕ, ಮನೆಯ ಹಿರಿಯರ ಮಾತು ಈ ಮೂರನ್ನೂ ಪಕ್ಕಪಕ್ಕ ಇಡಬೇಕು. ಮೂರೂ ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಯಾವುದು ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಎಂದು ವಿಚಾರಿಸಬೇಕು. ಶಾಲೆಗೆ ಹೇಳಿದ ಕಸುಬು, ಕಂದಾಯದವರಿಗೆ ಹೇಳಿದ ಕಸುಬು, ಮದುವೆಯ ಮಾತುಕತೆಯಲ್ಲಿ ಹೇಳಿದ ಕಸುಬು ಬೇರೆ ಬೇರೆಯಾಗಿರಲು ಪ್ರತಿಯೊಂದಕ್ಕೂ ಕಾರಣವಿತ್ತು.

ಈಗ ನಾವು ಬರೆಯಬೇಕಾದದ್ದು

ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. 1931ರ ನಂತರ ಮೊದಲ ಬಾರಿಗೆ ಎಲ್ಲ ಜಾತಿಗಳ ಎಣಿಕೆಯೂ ಅದರಲ್ಲಿ ಸೇರಿದೆ. ಕಾಗದದ ಬದಲು ಮೊಬೈಲಿನಲ್ಲಿ ಉತ್ತರ ದಾಖಲಾಗಲಿದೆ. ನಮ್ಮ ಉತ್ತರವೂ ಅಜ್ಜನ ಉತ್ತರದಂತೆಯೇ ಸಂಖ್ಯೆಯೊಂದರೊಳಗೆ ಸೇರಿಹೋಗುತ್ತದೆ, ಹೆಸರಿನೊಂದಿಗೆ ಯಾರಿಗೂ ಸಿಗುವುದಿಲ್ಲ. ಆದರೂ ಆ ಸಂಖ್ಯೆ ನಿಜವಾಗಿರಬೇಕಾದರೆ ಮನೆಯಲ್ಲಿ ಟಿಫಿನ್ ಮಾಡಿ ಕೊಡುವವರು, ಟ್ಯೂಷನ್ ಹೇಳುವವರು, ಬಟ್ಟೆ ಹೊಲಿಯುವವರು ತಮ್ಮದನ್ನು ಕೆಲಸವೆಂದೇ ಹೇಳಬೇಕು. ‘ಮನೆಯಲ್ಲೇ ಇರುತ್ತಾಳೆ’ ಎಂದು ಇನ್ನೊಬ್ಬರು ಅವರ ಪರವಾಗಿ ಉತ್ತರಿಸಬಾರದು.

ಹೆಸರಿನ ಲೆಕ್ಕ ಮಾತ್ರ ನಾವೇ ಇಡಬೇಕು. ಸರಕಾರ ಅದನ್ನು ಇಡುವುದಿಲ್ಲ, ಇಡಲೂಬಾರದು. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಈ ವಾರವೇ ಕೂತು ಕೇಳಿ: ಮೊದಲ ಕೆಲಸ ಯಾವುದು, ಯಾವ ಊರಿನಲ್ಲಿ, ಯಾರ ಕೈಕೆಳಗೆ, ಎಷ್ಟು ಸಂಬಳಕ್ಕೆ, ಯಾವ ತಿಂಗಳಲ್ಲಿ ಏನು, ಅದನ್ನು ಬಿಟ್ಟದ್ದೇಕೆ? ಅಜ್ಜಿಯನ್ನು ಕೇಳುವಾಗ ‘ಕೆಲಸಕ್ಕೆ ಹೋಗುತ್ತಿದ್ದಿರಾ’ ಎನ್ನಬೇಡಿ, ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತಿದ್ದಿರಿ ಎಂದು ಕೇಳಿ. ಹೇಳಿದವರ ಹೆಸರು, ತಾರೀಖು ಹಾಕಿ ಬರೆದಿಡಿ. ನೂರು ವರ್ಷದ ಕೋಷ್ಟಕಗಳು ಹೇಳಲಾಗದೆ ಬಿಟ್ಟದ್ದನ್ನು ಹೇಳಬಲ್ಲವರು ಅವರೇ.